ಯಜಮಾನನ ಚಿಂತೆ ಮತ್ತು ಸಾಕುಪ್ರಾಣಿಯ ಆರೋಗ್ಯ

ನಾಯಿ ಇಲ್ಲದ ತೋಟದ ಮನೆ, ಬೆಕ್ಕು ಇಲ್ಲದ ಉಗ್ರಾಣ ನಮ್ಮ ಕಡೆ ಅಪರೂಪ. ಕಣದಲ್ಲಿ ಹರಡಿದ ಕಾಫಿಗೆ ರಾತ್ರಿ ಕಾವಲಿರುವುದು ನಾಯಿ. ಅಡಿಕೆ ಚೀಲಗಳಿಗೆ ಇಲಿ ಬಾಯಿ ಹಾಕದಂತೆ ನೋಡಿಕೊಳ್ಳುವುದು ಬೆಕ್ಕು. ಇವುಗಳಿಗೆ ಹೊಟ್ಟೆಗೆ ಹಾಕಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ನಮ್ಮ ಮನಸ್ಸಿನ ಗೊಂದಲವೂ ಇವುಗಳ ಮೈಗೆ ತಟ್ಟುತ್ತದೆ ಎಂಬುದು ಕೆಲವರಿಗೆ ಹೊಸ ವಿಷಯವಾಗಿ ಕಾಣಬಹುದು.

ಬೆಲೆ ಕುಸಿದ ವರ್ಷ, ಕೊಳೆ ರೋಗ ಮಿತಿಮೀರಿದ ಮಳೆಗಾಲ, ಸಾಲದ ಕಂತು ಕಟ್ಟಬೇಕಾದ ತಿಂಗಳು – ಇಂಥ ದಿನಗಳಲ್ಲಿ ನಾಯಿ ಅನ್ನ ಬಿಟ್ಟರೆ, ಯಜಮಾನನ ಚಿಂತೆ ಅದಕ್ಕೂ ಹತ್ತಿಕೊಂಡಿದೆ ಎಂದು ಮನೆಯವರು ಹೇಳುವುದುಂಟು. ಈ ಮಾತಿನಲ್ಲಿ ಎಷ್ಟು ನಿಜವಿದೆ, ಇದನ್ನೇ ಪೂರ್ತಿ ನಂಬಿ ಕುಳಿತರೆ ಏನು ಅಪಾಯವಿದೆ ಎಂಬುದನ್ನು ಬೆಳೆಗಾರ ಬಂಧುಗಳ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕೂದಲಿನಲ್ಲಿ ಸಿಕ್ಕ ಸಾಕ್ಷ್ಯ

ಮನುಷ್ಯನಾಗಲಿ ಪ್ರಾಣಿಯಾಗಲಿ ಒತ್ತಡಕ್ಕೆ ಸಿಕ್ಕಿದಾಗ ಮೂತ್ರಪಿಂಡದ ಮೇಲಿರುವ ಗ್ರಂಥಿಗಳಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅಪಾಯ ಎದುರಾದಾಗ ದೇಹಕ್ಕೆ ಶಕ್ತಿ ಒದಗಿಸುವುದು ಇದರ ಕೆಲಸ. ಆದರೆ ತಿಂಗಳುಗಟ್ಟಲೆ ಇದು ಹೆಚ್ಚಾಗಿಯೇ ಉಳಿದರೆ ರೋಗವನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ, ಜೀರ್ಣಶಕ್ತಿ ಕೆಡುತ್ತದೆ. ಕೂದಲು ಬೆಳೆಯುವಾಗ ಈ ಹಾರ್ಮೋನಿನ ಅಂಶ ಅದರಲ್ಲಿ ಸೇರಿಕೊಳ್ಳುವುದರಿಂದ, ಕೂದಲನ್ನು ಪರೀಕ್ಷಿಸಿ ಹಿಂದಿನ ತಿಂಗಳುಗಳ ಸ್ಥಿತಿಯನ್ನು ತಿಳಿಯಬಹುದು.

ಸ್ವೀಡನ್ ದೇಶದ ಲಿಂಕೋಪಿಂಗ್ ವಿಶ್ವವಿದ್ಯಾನಿಲಯದವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲನ್ನು ಹೀಗೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಡತಿಯಲ್ಲಿ ಕಾರ್ಟಿಸಾಲ್ ಹೆಚ್ಚಿದ್ದ ಕಡೆ ನಾಯಿಯಲ್ಲೂ ಹೆಚ್ಚು, ಕಡಿಮೆ ಇದ್ದ ಕಡೆ ಕಡಿಮೆ ಇರುವ ಹೊಂದಾಣಿಕೆ ಬೇಸಿಗೆ, ಚಳಿಗಾಲ ಎರಡರಲ್ಲೂ ಕಂಡುಬಂತು. ಅವೆಲ್ಲ ಕುರಿ ಕಾಯುವ ಜಾತಿಯ ನಾಯಿಗಳು. ಮನುಷ್ಯನ ಸನ್ನೆಯನ್ನೇ ನೋಡಿಕೊಂಡು ಕೆಲಸ ಮಾಡುವಂಥವು. 2021ರಲ್ಲಿ ಅಲ್ಲಿಯವರೇ ಒಂಟಿಯಾಗಿ ಬೇಟೆಯಾಡುವ ಮತ್ತು ಪ್ರಾಚೀನ ತಳಿಯ ನಾಯಿಗಳನ್ನು ಪರೀಕ್ಷಿಸಿದಾಗ ಅಂಥ ಹೊಂದಾಣಿಕೆ ಕಾಣಲಿಲ್ಲ. ಆದ್ದರಿಂದ ಎಲ್ಲ ನಾಯಿಗಳೂ ಒಂದೇ ಸಮನೆ ಯಜಮಾನನ ಚಿಂತೆ ಹೊರುತ್ತವೆ ಎನ್ನಲಾಗದು. ಸದಾ ನಮ್ಮ ಕಾಲ ಬಳಿಯೇ ಇದ್ದು ಮುಖ ನೋಡುತ್ತಿರುವ ನಾಯಿಯ ಬಗ್ಗೆ ಹೆಚ್ಚು ಎಚ್ಚರ ಬೇಕು.

ಮೊದಲನೆಯ ದಾರಿ: ಮೂಗು

ನಮ್ಮ ಚಿಂತೆ ನಾಯಿಗೆ ತಿಳಿಯುವುದು ಮುಖ ನೋಡಿ, ದನಿ ಕೇಳಿ ಮಾತ್ರವಲ್ಲ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ 36 ಜನರಿಗೆ ಕಠಿಣವಾದ ಬಾಯಿಲೆಕ್ಕ ಕೊಟ್ಟು, ಅದಕ್ಕೆ ಮೊದಲು ಮತ್ತು ನಂತರ ಅವರ ಬೆವರು, ಉಸಿರುಗಳ ಮಾದರಿ ಸಂಗ್ರಹಿಸಿದರು. ತರಬೇತಾದ 4 ನಾಯಿಗಳು ನೂರಕ್ಕೆ 93ಕ್ಕೂ ಹೆಚ್ಚು ಬಾರಿ ಒತ್ತಡದ ವಾಸನೆಯನ್ನು ಸರಿಯಾಗಿ ಗುರುತಿಸಿದವು. ಇದು 2022ರ ವರದಿ.

2024ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಜಾಗದ ಬಟ್ಟಲಿನಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಜಾಗದ್ದು ಬರಿದಾಗಿರುತ್ತದೆ ಎಂದು 18 ನಾಯಿಗಳಿಗೆ ಕಲಿಸಿ, ಬಳಿಕ ಇವೆರಡರ ನಡುವಿನ ಜಾಗಗಳಲ್ಲಿ ಬಟ್ಟಲು ಇಟ್ಟರು. ಅಪರಿಚಿತ ಮನುಷ್ಯನ ಒತ್ತಡದ ವಾಸನೆ ಮೂಸಿದ ನಾಯಿಗಳು, ಬರಿ ಬಟ್ಟಲಿನ ಜಾಗಕ್ಕೆ ಸಮೀಪವಿದ್ದ ಬಟ್ಟಲಿನತ್ತ ಹೋಗಲು ಹಿಂದೆಮುಂದೆ ನೋಡಿದವು. ಅಂದರೆ ಬರಿಯ ವಾಸನೆಯೇ ನಾಯಿಯ ಉತ್ಸಾಹ ಕುಗ್ಗಿಸಬಲ್ಲದು.

ಬೆಕ್ಕಿನ ವಿಷಯದಲ್ಲೂ ಅಲಕ್ಷ್ಯ ಸಲ್ಲದು. ಬ್ರಿಟನ್ನಿನಲ್ಲಿ 3000ಕ್ಕೂ ಹೆಚ್ಚು ಬೆಕ್ಕು ಸಾಕುವವರನ್ನು ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗ ಕಳವಳಗೊಳ್ಳುವ ಸ್ವಭಾವದವರ ಬೆಕ್ಕುಗಳಲ್ಲಿ ಬೊಜ್ಜು, ದೀರ್ಘಕಾಲದ ಕಾಯಿಲೆ, ಅಂಜಿಕೆ ಹೆಚ್ಚು ಕಂಡುಬಂದವು. ಕೊಟ್ಟಿಗೆಯಲ್ಲಿ ಇದು ನಮಗೆ ಹಳೆಯ ಅನುಭವ. ಗದರಿ ಹೊಡೆಯುವ ಕೈಗೆ ಹಸು ಪೂರ್ತಿ ಹಾಲು ಇಳಿಸುವುದಿಲ್ಲ. ಹೆದರಿದ ಹಸುವಿನ ರಕ್ತಕ್ಕೆ ಸೇರುವ ಅಡ್ರಿನಲಿನ್, ಹಾಲು ಇಳಿಸುವ ಹಾರ್ಮೋನಿನ ಕೆಲಸಕ್ಕೆ ಅಡ್ಡಿಯಾಗುವುದೇ ಇದಕ್ಕೆ ಕಾರಣ.

ಎರಡನೆಯ ದಾರಿ: ಮರೆವು

ಇದು ಹೆಚ್ಚು ಹಾನಿಕರ. ಆದರೆ ತಡೆಯುವುದು ನಮ್ಮ ಕೈಯಲ್ಲೇ ಇದೆ. ಮನಸ್ಸು ಸಾಲದ ಲೆಕ್ಕದಲ್ಲಿ ಮುಳುಗಿದಾಗ ನಾಯಿಗೆ ಹೊತ್ತಿಗೆ ಊಟ ಬೀಳುವುದಿಲ್ಲ. ಉಣ್ಣೆ ಹತ್ತಿದ್ದು ಕಾಣುವುದಿಲ್ಲ. ವರ್ಷದ ರೇಬಿಸ್ ಲಸಿಕೆ ತಪ್ಪುತ್ತದೆ. ಕೀಟನಾಶಕದ ಡಬ್ಬಿ ಮುಚ್ಚಳವಿಲ್ಲದೆ ಜಗಲಿಯ ಮೇಲೆ ಉಳಿಯುತ್ತದೆ. ಇವುಗಳಿಂದಾಗುವ ಕಾಯಿಲೆ ಯಜಮಾನನ ಚಿಂತೆಯಿಂದಲೇ ಬಂದದ್ದು ನಿಜ; ಆದರೆ ಬಂದದ್ದು ವಾಸನೆಯಿಂದಲ್ಲ, ಅಲಕ್ಷ್ಯದಿಂದ.

ಎಲ್ಲವೂ ಕೊರಗಲ್ಲ

ನಾಯಿ ಕೊರಗುತ್ತಿದೆ ಎಂದು ಸಮಾಧಾನ ಹೇಳಿಕೊಂಡು ಎರಡು ದಿನ ಕಾಯುವುದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಉಣ್ಣೆಯಿಂದ ಹರಡುವ ಜ್ವರದಲ್ಲಿಯೂ ನಾಯಿ ಅನ್ನ ಬಿಟ್ಟು ಮಂಕಾಗುತ್ತದೆ. ವಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರದಲ್ಲಿ ಕಣ್ಣು ಹಳದಿಯಾಗಬಹುದು. ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು, ನಡುಕ ಕಾಣಿಸುತ್ತವೆ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕಿದರೂ ಹನಿ ಬಾರದಿದ್ದರೆ ಆ ದಿನವೇ ವೈದ್ಯರಲ್ಲಿಗೆ ಒಯ್ಯಬೇಕು.

ಸಾಧು ನಾಯಿ ಏಕಾಏಕಿ ಮೂಲೆ ಸೇರಿದರೆ ಅಥವಾ ಮೇಲೆ ಬಿದ್ದರೆ, ನುಂಗಲಾರದೆ ಜೊಲ್ಲು ಸುರಿಸಿದರೆ ರೇಬಿಸ್ ಇರಬಹುದೆಂದು ಶಂಕಿಸಿ ದೂರವಿರಿ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಕೂಡದು. ಕಚ್ಚಿದ, ಪರಚಿದ ಅಥವಾ ಜೊಲ್ಲು ತಗುಲಿದ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೆಬ್ಬಾಳದ ಆಸ್ಪತ್ರೆ

ನಮ್ಮಲ್ಲಿ ಅನೇಕರ ಮಕ್ಕಳು ಈಗ ಉದ್ಯೋಗಕ್ಕೆಂದು ಬೆಂಗಳೂರಿನ ಯಲಹಂಕ, ಆರ್.ಟಿ. ನಗರಗಳ ಕಡೆ ನೆಲೆಸಿದ್ದಾರೆ. ತೋಟ ನೋಡಿಕೊಳ್ಳಲಾಗದ ವಯಸ್ಸಿನಲ್ಲಿ ಹಿರಿಯರು ಅಲ್ಲಿಗೆ ಹೋಗುವಾಗ ನಾಯಿಯೂ ಜೊತೆಗೆ ಹೋಗುತ್ತದೆ. ಎಕರೆಗಟ್ಟಲೆ ಸುತ್ತುತ್ತಿದ್ದ ನಾಯಿಗೆ ಮೂರನೆಯ ಮಹಡಿಯ ಎರಡು ಕೋಣೆ. ಮಣ್ಣು ಬಿಟ್ಟು ಬಂದ ಹಿರಿಯರಿಗೂ ಅಷ್ಟೇ. ಇಬ್ಬರೂ ಒಟ್ಟಿಗೆ ಸೊರಗಿದಾಗ ಯಾರಿಂದ ಯಾರಿಗೆ ಬಂತೆಂದು ಹೇಳುವುದು ಕಷ್ಟ.

ಇಂಥವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಮೀಪವಾಗುತ್ತದೆ. 1958ರಲ್ಲಿ ಸ್ಥಾಪನೆಯಾದ ಈ ಕಾಲೇಜು ಇಂದು ಬೀದರಿನಲ್ಲಿ ಕೇಂದ್ರ ಕಛೇರಿಯಿರುವ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಎಲ್ಲಿಯೇ ತೋರಿಸಲಿ, ವೈದ್ಯರಿಗೆ ಹೇಳಬೇಕಾದ ಒಂದು ಮಾತಿದೆ. ವಾಂತಿ, ಭೇದಿ, ಜ್ವರಗಳ ಜೊತೆಗೆ ಮನೆಯಲ್ಲಾದ ಬದಲಾವಣೆಯನ್ನೂ ತಿಳಿಸಬೇಕು. ಸಾಲದ ಮೊತ್ತ, ಜಗಳದ ಕಾರಣ ಹೇಳಬೇಕಾಗಿಲ್ಲ. ‘ಮನೆ ಬದಲಾಗಿದೆ, ಎರಡು ತಿಂಗಳಿಂದ ಊಟದ ಹೊತ್ತು ತಪ್ಪಿದೆ, ಮನೆಯಲ್ಲಿ ನೆಮ್ಮದಿಯಿಲ್ಲ’ ಎಂದರೆ ಸಾಕು. ರಕ್ತ ಪರೀಕ್ಷೆಯಲ್ಲಿ ಕಾಣದ ಕಾರಣ ಆ ಮಾತಿನಲ್ಲಿ ಸಿಗಬಹುದು.

ಅನುಸರಿಸಬೇಕಾದ ಕ್ರಮಗಳು

1. ಕುಯ್ಲಿನ ಗಡಿಬಿಡಿಯಲ್ಲೂ ಊಟದ ಹೊತ್ತು ತಪ್ಪಿಸಬಾರದು. ಊರಿಗೆ ಹೋಗುವಾಗ ದಿನವೂ ಒಬ್ಬರೇ ಅನ್ನ ಹಾಕುವಂತೆ ಏರ್ಪಡಿಸಿ.

2. ಲಸಿಕೆ, ಜಂತುಹುಳುವಿನ ಔಷಧಿಗಳ ದಿನಾಂಕವನ್ನು ಗೊಬ್ಬರ, ಬೋರ್ಡೋ ಸಿಂಪಡಣೆಯ ದಿನಾಂಕಗಳ ಜೊತೆಗೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

3. ವಾರಕ್ಕೆರಡು ಬಾರಿಯಾದರೂ ಕಿವಿ, ಕತ್ತು, ಬೆರಳ ಸಂದುಗಳಲ್ಲಿ ಉಣ್ಣೆ ನೋಡಿ.

4. ಸಂಜೆ ಅರ್ಧ ಗಂಟೆ ನಾಯಿಯೊಡನೆ ತೋಟ ಸುತ್ತಿ. ಆಗ ಮಂಡಿಯ ಧಾರಣೆಯ ಮಾತು ಬೇಡ, ಫೋನೂ ಬೇಡ. ಇದು ಇಬ್ಬರಿಗೂ ಔಷಧಿ.

5. ಬೇರೆಯವರ ಮೇಲಿನ ಸಿಟ್ಟನ್ನು ನಾಯಿಯ ಮೇಲೆ ತೀರಿಸಬಾರದು.

6. ಒಂದು ದಿನ ಪೂರ್ತಿ ಆಹಾರ ಬಿಟ್ಟರೆ ವೈದ್ಯರಿಗೆ ತೋರಿಸಿ. ಪಶುಸಂಗೋಪನೆ ಇಲಾಖೆಯ ಉಚಿತ ದೂರವಾಣಿ ಸಂಖ್ಯೆ 1962.

ಕೊನೆಯದಾಗಿ, ಯಜಮಾನನ ವಿಷಯ. ರಾತ್ರಿ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಯಾರೊಡನೆಯೂ ಮಾತು ಬೇಡವೆನಿಸುವುದು ಎರಡು ವಾರ ಮೀರಿದರೆ ಅದು ನಾಚಿಕೆಯ ವಿಷಯವಲ್ಲ, ಚಿಕಿತ್ಸೆಯ ವಿಷಯ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ನಾಯಿಗೆ ಜ್ವರ ಬಂದರೆ ಜೀಪು ಮಾಡಿಕೊಂಡು ಪೇಟೆಗೆ ಓಡುವ ನಾವು, ನಮ್ಮ ವಿಷಯದಲ್ಲೂ ಅಷ್ಟೇ ಮುತುವರ್ಜಿ ವಹಿಸಬೇಕು. ಬೆಲೆ ಏರುವುದು ಇಳಿಯುವುದು ಇದ್ದದ್ದೇ. ಯಜಮಾನ ಗಟ್ಟಿಯಾಗಿದ್ದರೆ ತೋಟವೂ ಉಳಿಯುತ್ತದೆ, ತೋಟವನ್ನು ನಂಬಿದ ಬಾಯಿಲ್ಲದ ಜೀವಗಳೂ ಉಳಿಯುತ್ತವೆ.