ಚೈನು ಕಳಚಿದರೆ ತಪ್ಪು ಚೈನಿನದೇ?

ಎಂಜಿನ್ ಕೂರಿಸಿದ ಸೈಕಲ್ಲಿನ ಚೈನು ಪದೇ ಪದೇ ಕಳಚಿದರೆ ಹೆಚ್ಚಿನವರು ಹೊಸ ಚೈನು ತರುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಹಿಂದಿನ ಸ್ಪ್ರಾಕೆಟ್‌ನಲ್ಲಿರುತ್ತದೆ. ಟೂ-ಸ್ಟ್ರೋಕ್ ಕಿಟ್‌ಗಳಲ್ಲಿ ಅದನ್ನು ಚಕ್ರದ ಕಡ್ಡಿಗಳ ಎರಡೂ ಬದಿಗೆ ರಬ್ಬರ್ ಇಟ್ಟು, ಸಾಮಾನ್ಯವಾಗಿ 9 ಬೋಲ್ಟುಗಳಿಂದ ಬಿಗಿದಿರುತ್ತಾರೆ. ಬಿಗಿ ಸಮವಾಗಿರದಿದ್ದರೆ ಸ್ಪ್ರಾಕೆಟ್ ಓರೆಯಾಗುತ್ತದೆ. ಎಂಜಿನ್ ಆರಿಸಿ, ಕ್ಲಚ್ ಹಿಡಿದು, ಚಕ್ರ ಎತ್ತಿ ನಿಧಾನವಾಗಿ ತಿರುಗಿಸಿ ನೋಡಿ. ಹಲ್ಲುಗಳು ಎಡಬಲಕ್ಕೆ ಓಲಾಡಿದರೆ ಬೋಲ್ಟು ಸರಿಪಡಿಸಬೇಕು. ಚೈನು ಒಮ್ಮೆ ಬಿಗಿಯಾಗಿ, ಅರ್ಧ ಸುತ್ತಿಗೆ ಸಡಿಲವಾದರೆ ಸ್ಪ್ರಾಕೆಟ್ ನಡುವಿಗೆ ಕೂತಿಲ್ಲ.

ಹೊಸ ಚೈನೂ ಹಿಗ್ಗುತ್ತದಲ್ಲ ಎನ್ನಬಹುದು. ನಿಜ, ಆದರೆ ಆ ಸಡಿಲ ಹೆಚ್ಚುಕಡಿಮೆ ಸುತ್ತಿನುದ್ದಕ್ಕೂ ಒಂದೇ ಸಮನಿರುತ್ತದೆ. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಅದನ್ನು ಸರಿದೂಗಿಸುತ್ತದೆ. ಓರೆ ಸ್ಪ್ರಾಕೆಟ್ಟಿಗೆ ಅದು ಮದ್ದಲ್ಲ. ಚೈನಿನ ಎಳೆತಕ್ಕೆ ಟೆನ್ಷನರ್ ತಿರುಗಿ ಕಡ್ಡಿಗಳೊಳಗೆ ಸಿಕ್ಕಿದರೆ ಓಡುವ ಚಕ್ರವೇ ಕಚ್ಚಿ ನಿಲ್ಲುತ್ತದೆ. ಆದ್ದರಿಂದ ಮೊದಲು ಸ್ಪ್ರಾಕೆಟ್ ನೇರಮಾಡಿ, ಆಮೇಲೆ ಟೆನ್ಷನರ್ ಮುಟ್ಟಿ.