ಕಾವಲುಗಣ್ಣಿಗೆ ಬಟ್ಟೆ ಕಟ್ಟಿದರೆ?

ಬ್ಯಾಂಕಿನಲ್ಲೋ ಒಡವೆ ಅಂಗಡಿಯಲ್ಲೋ ಗೋಡೆಯ ಮೂಲೆಯಲ್ಲಿರುವ ಪುಟ್ಟ ಬಿಳಿ ಡಬ್ಬಿಯನ್ನು ನೀವು ನೋಡಿರಬಹುದು. ಅದು ಕಳ್ಳನ ಸುಳಿವು ಹಿಡಿಯುವ ಸಂವೇದಕ. ನಮ್ಮ ಮೈ ಸದಾ ಅವಕೆಂಪು ಕಿರಣಗಳನ್ನು, ಅಂದರೆ ಶಾಖವನ್ನು ಸೂಸುತ್ತದೆ. ಆ ಶಾಖ ಎದುರಿನಲ್ಲಿ ಚಲಿಸಿದೊಡನೆ ಗಂಟೆ ಬಾರಿಸುತ್ತದೆ.

ಆದರೆ ಕಳ್ಳನೂ ಜಾಣ. ಹಗಲಲ್ಲಿ ಗಂಟೆಯನ್ನು ಆರಿಸಿಟ್ಟಿರುವಾಗ ಗಿರಾಕಿಯಂತೆ ಬಂದು, ಡಬ್ಬಿಯ ಮುಖಕ್ಕೆ ಬಣ್ಣವಿಲ್ಲದ ವಾರ್ನಿಷ್ ಬಳಿದು ಹೋದರೆ? ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣದು. ಶಾಖಕ್ಕೆ ಮಾತ್ರ ಅದು ತಡೆ. ರಾತ್ರಿ ಆತ ಓಡಾಡಿದರೂ ಡಬ್ಬಿಯ ಪಾಲಿಗೆ ಕೋಣೆ ಖಾಲಿ!

ಇದಕ್ಕೊಂದು ಉಪಾಯವಿದೆ. ಡಬ್ಬಿ ತಾನೇ ಪುಟ್ಟ ಅವಕೆಂಪು ದೀಪ ಬೆಳಗಿಸಿ, ಮರಳಿ ಬರುವ ಬೆಳಕನ್ನು ಅಳೆಯುತ್ತಿರುತ್ತದೆ. ಮುಖಕ್ಕೆ ಏನಾದರೂ ಅಡ್ಡ ಬಂದರೆ ಆ ಅಳತೆ ಬದಲಾಗುತ್ತದೆ. ಯುರೋಪಿನ ಇಎನ್ 50131 ಮಾನಕದಂತೆ 3 ಮತ್ತು 4ನೇ ದರ್ಜೆಯ ಸಂವೇದಕಗಳಿಗೆ ಈ ಗುಣ ಕಡ್ಡಾಯ. ಪರೀಕ್ಷಿಸುವಾಗ ಕಪ್ಪು ಕಾಗದ, ಅಲ್ಯೂಮಿನಿಯಂ ತಗಡು, ಥರ್ಮೋಕೋಲ್, ಪಾರದರ್ಶಕ ಅಂಟುಹಾಳೆ, ವಾರ್ನಿಷ್ ಹೀಗೆ ಒಂದೊಂದರಿಂದಲೂ ಅದರ ಕಣ್ಣು ಮುಚ್ಚುತ್ತಾರೆ. 180 ಸೆಕೆಂಡಿನೊಳಗೆ ಅದು ದೂರು ಕೊಡಬೇಕು.

ಈ ಗುಣವಿಲ್ಲದ ಅಗ್ಗದ ಡಬ್ಬಿ ನಿಮ್ಮಲ್ಲಿದ್ದರೆ? ಬೀಗ ಹಾಕುವ ಮುನ್ನ ಅದರೆದುರು ಒಮ್ಮೆ ನಡೆಯಿರಿ. ಅದರ ಪುಟ್ಟ ದೀಪ ಮಿನುಗದಿದ್ದರೆ ಕಾವಲುಗಾರ ಕುರುಡಾಗಿರಬಹುದು!