ನೆಲದ ಮೇಲೆಯೇ ಹಾರುವ ರಾಕೆಟ್ಟು

ರಾಕೆಟ್ಟು ಒಮ್ಮೆ ನೆಲವನ್ನು ಬಿಟ್ಟ ಮೇಲೆ ಅದನ್ನು ಹಿಂದಕ್ಕೆ ಕರೆದು ತಿದ್ದುವಂತಿಲ್ಲ. ಆದುದರಿಂದ ಅದನ್ನು ಮೊದಲು ಗಣಕಯಂತ್ರದೊಳಗೆ ಹಾರಿಸಿ ನೋಡುತ್ತಾರೆ. ಇದರ ತತ್ತ್ವ ಪ್ರೌಢಶಾಲೆಯ ವಿದ್ಯಾರ್ಥಿಗೂ ಎಟಕುವಂಥದು. ಈ ಕ್ಷಣದಲ್ಲಿ ರಾಕೆಟ್ಟಿನ ಸ್ಥಾನ, ವೇಗ, ದ್ರವ್ಯರಾಶಿಗಳು ಇಷ್ಟು. ಅದರ ಮೇಲೆ ವರ್ತಿಸುವ ಬಲ ಇಷ್ಟು. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ದೊರೆಯುತ್ತದೆ. ಅದರಿಂದ, ಸೆಕೆಂಡಿನ ನೂರರಲ್ಲೊಂದು ಪಾಲು ಕಳೆದಾಗ ರಾಕೆಟ್ಟು ಎಲ್ಲಿರುವುದೆಂದು ಲೆಕ್ಕ ಹಾಕಬಹುದು. ಆ ಹೊಸ ಸ್ಥಾನದಿಂದ ಮತ್ತೆ ಅದೇ ಲೆಕ್ಕ. ಮನುಷ್ಯನಿಗೆ ಬೇಸರ ತರುವ ಈ ಕೆಲಸವನ್ನು ಗಣಕವು ದಣಿಯದೆ ಮಾಡುತ್ತದೆ.

ಮುಂದಿನ ಹಂತ ಇನ್ನೂ ಸ್ವಾರಸ್ಯವಾದುದು. ರಾಕೆಟ್ಟಿನ ನಿಜವಾದ ಉಪಕರಣಗಳನ್ನೇ ಗಣಕಕ್ಕೆ ಜೋಡಿಸಿ, ಹಾರಾಟದಲ್ಲಿ ಅವಕ್ಕೆ ಬರಬೇಕಾದ ಸಂಕೇತಗಳನ್ನು ಗಣಕದಿಂದಲೇ ಒದಗಿಸುತ್ತಾರೆ. ಮೇಜಿನ ಮೇಲಿರುವ ಉಪಕರಣವು ತಾನು ಆಕಾಶದಲ್ಲಿರುವೆನೆಂದೇ ಭಾವಿಸಿ ಆಜ್ಞೆ ಕೊಡುತ್ತದೆ. ಲೆಕ್ಕದ ರಾಕೆಟ್ಟು ಅದರಂತೆ ತಿರುಗುತ್ತದೆ. ಆದರೆ ನಿಜವಾದ ಉಪಕರಣವೊಂದನ್ನು ಹೊರಗಿಟ್ಟು, ಅದರ ಸ್ಥಾನದಲ್ಲಿಯೂ ಲೆಕ್ಕವನ್ನೇ ಇಟ್ಟರೆ ಏನಾದೀತು? ಯೂರೋಪಿನ ಏರಿಯಾನ್-೫ ರಾಕೆಟ್ಟಿನ ವಿಷಯದಲ್ಲಿ ಆದುದು ಇದೇ.

೧೯೯೬ನೆಯ ಇಸವಿ ಜೂನ್ ೪ರಂದು ಅದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಎಂಬಲ್ಲಿಂದ ಮೊದಲ ಬಾರಿಗೆ ಮೇಲೆದ್ದಿತು. ಭೂಮಿಯ ಕಾಂತಕ್ಷೇತ್ರವನ್ನು ಅಭ್ಯಸಿಸಬೇಕಾಗಿದ್ದ ಕ್ಲಸ್ಟರ್ ಎಂಬ ನಾಲ್ಕು ಉಪಗ್ರಹಗಳು ಅದರಲ್ಲಿದ್ದುವು. ಮುಖ್ಯ ಎಂಜಿನ್ ಹೊತ್ತಿಕೊಂಡ ಸುಮಾರು ೪೦ ಸೆಕೆಂಡುಗಳಲ್ಲಿ, ೩,೭೦೦ ಮೀಟರ್ ಎತ್ತರದಲ್ಲಿ, ರಾಕೆಟ್ಟು ಓರೆಯಾಗಿ ತಿರುಗಿ ಸಿಡಿದುಹೋಯಿತು.

ತಪ್ಪಿದುದು ರಾಕೆಟ್ಟಿನ ದಿಕ್ಕನ್ನೂ ವೇಗವನ್ನೂ ತಿಳಿಸುವ ಉಪಕರಣ. ಅದರ ಕಾರ್ಯಕ್ರಮವನ್ನು ಹಿಂದಿನ ಏರಿಯಾನ್-೪ರಿಂದ ತೆಗೆದುಕೊಂಡಿದ್ದರು. ಅದರಲ್ಲಿ ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ಪರಿಮಾಣವನ್ನು ಹದಿನಾರು ದ್ವಿಮಾನ ಸ್ಥಾನಗಳ ಪೂರ್ಣಾಂಕವಾಗಿ ಬದಲಾಯಿಸಬೇಕಾಗಿತ್ತು. ಅಷ್ಟರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ೩೨,೭೬೭. ಹೊಸ ರಾಕೆಟ್ಟಿನ ಅಡ್ಡವೇಗವಾದರೋ ಹಳೆಯದಕ್ಕಿಂತ ಬಹಳ ಹೆಚ್ಚು. ಪಾವು ಹಿಡಿಯುವ ಪಾತ್ರೆಗೆ ಸೇರು ಅಕ್ಕಿ ಸುರಿದಂತಾಯಿತು. ಉಪಕರಣ ಕೆಲಸ ನಿಲ್ಲಿಸಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಎರಡನೆಯ ಉಪಕರಣವೂ ತದ್ರೂಪವೇ ಆದುದರಿಂದ, ಅದು ಸ್ವಲ್ಪ ಮೊದಲೇ ಅದೇ ಕಾರಣದಿಂದ ನಿಂತಿತ್ತು! ನಿಂತ ಉಪಕರಣವು ಕಳುಹಿಸಿದ ದೋಷಸೂಚನೆಯನ್ನು ಮುಖ್ಯ ಗಣಕವು ಹಾರಾಟದ ಅಳತೆಯೆಂದೇ ತಿಳಿದು, ಎಂಜಿನ್ನಿನ ಮೂತಿಗಳನ್ನು ಪೂರ್ತಿಯಾಗಿ ತಿರುಗಿಸಿಬಿಟ್ಟಿತು.

ಇನ್ನೊಂದು ವ್ಯಥೆಯ ಸಂಗತಿಯುಂಟು. ಆ ಲೆಕ್ಕವು ಏರಿಯಾನ್-೫ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಇಂಥ ಅಪಾಯವುಳ್ಳ ಏಳು ಪರಿಮಾಣಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟಿದ್ದರು. ಉಳಿದ ಮೂರು ಅಷ್ಟು ದೊಡ್ಡವಾಗಲಾರವೆಂಬ ನಂಬಿಕೆ. ಇದನ್ನು ಅಜಾಗ್ರತೆಯೆಂದು ನಾನು ಹೇಳಲಾರೆ. ಹಳೆಯ ರಾಕೆಟ್ಟಿನ ಮಟ್ಟಿಗೆ ಆ ನಂಬಿಕೆ ಸರಿಯಾಗಿಯೇ ಇತ್ತು.

ಹಾಗಾದರೆ ಗಣಕದೊಳಗಿನ ಹಾರಾಟದಲ್ಲಿ ಇದೇಕೆ ಕಾಣಲಿಲ್ಲ? ಈ ಉಪಕರಣವನ್ನು ಬೇರೆಯಾಗಿ ಪರೀಕ್ಷಿಸಿಯಾಗಿದೆ ಎಂದು, ಇಡೀ ರಾಕೆಟ್ಟಿನ ಪರೀಕ್ಷೆಯಲ್ಲಿ ಅದರ ಬದಲು ಅನುಕರಣೆಯ ಕಾರ್ಯಕ್ರಮವನ್ನು ಇಟ್ಟಿದ್ದರು. ಅನುಕರಣೆಯು ಉಪಕರಣ ಸರಿಯಾಗಿದ್ದರೆ ಏನು ಹೇಳಬೇಕೋ ಅದನ್ನು ಹೇಳಿತು.

ಗಣಿತಜ್ಞ ಝಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಲಿ ನೇಮಕವಾಯಿತು. ಈ ಬಾರಿ ಉಪಕರಣದ ನಿಜವಾದ ಕಾರ್ಯಕ್ರಮವನ್ನೇ ಗಣಕದಲ್ಲಿಟ್ಟು, ಏರಿಯಾನ್-೫ ಹಾರಿದ ನಿಜವಾದ ಪಥದ ಅಂಕಿಗಳನ್ನು ಕೊಟ್ಟು ನೋಡಿದರು. ಜೂನ್ ೪ರಂದು ಆಕಾಶದಲ್ಲಿ ನಡೆದುದೆಲ್ಲವೂ ಅದೇ ಕ್ರಮದಲ್ಲಿ ನೆಲದ ಮೇಲೆ ನಡೆಯಿತು. ಕ್ಲಸ್ಟರ್ ಉಪಗ್ರಹಗಳನ್ನು ಮತ್ತೆ ಕಟ್ಟಿ, ೨೦೦೦ದಲ್ಲಿ ರಷ್ಯದ ಸೊಯುಜ್ ರಾಕೆಟ್ಟುಗಳಲ್ಲಿ ಎರಡೆರಡಾಗಿ ಮೇಲೆ ಕಳುಹಿಸಿದರು.